ಬಲಗೈಯ ಗವಸು

ಬೆಳಗಿನ ಹನ್ನೊಂದೂವರೆ ಹೊತ್ತಿಗೆ, ಪರದೆಯ ಸಂದಿನಿಂದ ತೂರಿದ ಬಿಸಿಲು ಮಂಚದ ಕಾಲು ಮುಟ್ಟಿದ್ದಾಗ, ಕೀಲಕ್ಕ ತನ್ನ ಗಂಡನ ಮೂಗು ಮುರಿದಳು. ಬೇಕೆಂದು ಮುರಿದದ್ದಲ್ಲ, ಅವಳು ನಿದ್ದೆಯಲ್ಲಿದ್ದಳು. ಎಡ ಮೊಣಕೈ ಹಿಂದಕ್ಕೆ ಸರಿದು, ಗುರಿ ನೋಡುವವರ ಹಾಗೆ ಒಂದು ಗಳಿಗೆ ತಡೆದು, ಆಮೇಲೆ ಬಂದು ಅಪ್ಪಳಿಸಿತು. ಒಣಗಿದ ಕಡ್ಡಿ ಲಟಕ್ಕೆಂದ ಹಾಗೆ ಸದ್ದಾಯಿತು. ಹೊರಗೆ ಬೀದಿಯಲ್ಲಿ ಮಕ್ಕಳು, ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ಜಗಳವಾಡುತ್ತಲೇ ಇದ್ದರು.

ಅವಳು ಕಣ್ಣು ಬಿಟ್ಟಾಗ ಗಂಡ ಮಂಚದ ಅಂಚಿನಲ್ಲಿ ಬಗ್ಗಿ ಕೂತಿದ್ದ. ಎರಡೂ ಅಂಗೈಯನ್ನು ಬೊಗಸೆ ಮಾಡಿ ಮೂಗಿನ ಕೆಳಗೆ ಹಿಡಿದಿದ್ದ. ಬೊಗಸೆ ತುಂಬುತ್ತಿತ್ತು.

“ರೀ, ಏನಾಯ್ತು?”

“ಏನಿಲ್ಲ, ಮಲಗು.”

“ಅಯ್ಯೋ, ರಕ್ತ!”

“ಗೊತ್ತು. ಒಂದು ಬಟ್ಟೆ ಕೊಡು ಬೇಗ. ಮೇಲುಹೊದಿಕೆ ಹೊಸದು, ಕಲೆ ಆದ್ರೆ ಹೋಗಲ್ಲ.”

ಇಂಥದ್ದು ಇದೇ ಮೊದಲಲ್ಲ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಇಬ್ಬರಿಗೂ ಐವತ್ತರ ಹತ್ತಿರಹತ್ತಿರ ಆದ ಮದುವೆ. ಮೊದಲ ವರ್ಷ ನಿದ್ದೆಯಲ್ಲಿ ಗೊಣಗುತ್ತಿದ್ದಳು. ಎರಡನೆಯ ವರ್ಷ ಒದೆಯತೊಡಗಿದಳು. ಆಮೇಲೆ ಉಗುರು, ಆಮೇಲೆ ಮುಷ್ಟಿ. ಹೋದ ತಿಂಗಳು ಅವನ ನೆತ್ತಿಯ ಕೂದಲು ಒಂದು ಹಿಡಿ ಅವಳ ಕೈಯಲ್ಲಿ ಉಳಿದಿತ್ತು. “ಇದ್ದಿದ್ದೇ ಅಷ್ಟು, ಅದನ್ನೂ ಕಿತ್ತೆ” ಎಂದು ಅವನು ನಕ್ಕಿದ್ದ. ಮೂಳೆ ಮುರಿದದ್ದು ಮಾತ್ರ ಈಗಲೇ.

ಮೂಳೆಯ ವಿಷಯ ಕೀಲಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾಂಸ ಕತ್ತರಿಸುವ ಕಾರ್ಖಾನೆಯಲ್ಲಿ ಅವಳದು ಇಪ್ಪತ್ತಾರು ವರ್ಷದ ಕೆಲಸ. ತಲೆಯ ಮೇಲೆ ಸರಪಳಿ ಓಡುತ್ತಿತ್ತು, ಸರಪಳಿಯ ಕೊಕ್ಕೆಗಳಲ್ಲಿ ಚರ್ಮ ಸುಲಿದ ಕುರಿಗಳು ಒಂದರ ಹಿಂದೊಂದು ತೂಗಿಕೊಂಡು ಬರುತ್ತಿದ್ದವು. ಭುಜ, ಮೊಣಕಾಲು, ತೊಡೆಯ ಬುಡ, ಎಲ್ಲೇ ಆಗಲಿ ಕೀಲಿರುವ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಮುಗಿಯಿತು. ಚಾಕು ಮೂಳೆಗೆ ತಾಗದೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಆ ಹೆಸರು ಬಂದದ್ದು ಹಾಗೆ. ಅವಳ ಗಂಡ ಅದೇ ಕಾರ್ಖಾನೆಯ ಸಾಣೆ ಕೋಣೆಯವನು, ಒಂದೊಂದು ಪಾಳಿಗೆ ಮುನ್ನೂರು ಚಾಕುಗಳಿಗೆ ಬಾಯಿ ಕೊಡುವವನು. ಎಲ್ಲರಿಗೂ ಸಾಣೆಯಣ್ಣ. ವಯಸ್ಸಿನಲ್ಲಿದ್ದಾಗ ಸಾಣೆಕಲ್ಲಿನ ಚೂರೊಂದು ಸಿಡಿದು ಎಡಗಣ್ಣು ಹೋಗಿತ್ತು. ಉಳಿದದ್ದು ಬಲಗಣ್ಣು ಒಂದೇ.

ರಾತ್ರಿ ಪಾಳಿಯ ಜನ. ಜಗತ್ತು ಎದ್ದು ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬಂದು ಮೈ ತೊಳೆದು, ಒಂಬತ್ತಕ್ಕೆ ಪರದೆ ಎಳೆದು ಮಲಗುತ್ತಿದ್ದರು.

ಮೂಗಿಗೆ ಪಟ್ಟಿ ಕಟ್ಟಿಕೊಂಡು ಸಾಣೆಯಣ್ಣ ಪಾಳಿಗೆ ಹೋಗಿ, ಹರಿತ ಮಾಡಿದ ಚಾಕು ಹಂಚಲು ಕತ್ತರಿಸುವ ಕೋಣೆಗೆ ಬಂದಾಗ, ಕೀಲಕ್ಕನ ಪಕ್ಕದ ಮೇಜಿನ ಉದ್ದಣ್ಣ ಸುಮ್ಮನಿದ್ದಾನೆಯೆ? ಅವನು ಆರಡಿಯ ಮೇಲಿನ ಆಳು, ಬಾಯಿ ಅದಕ್ಕಿಂತ ಉದ್ದ.

“ಏನ್ ಸಾಣೆಯಣ್ಣ, ಮೂಗನ್ನೂ ಸಾಣೆಗೆ ಹಿಡಿದ್ರಾ?”

“ಬಾಗಿಲು ಬಡೀತಪ್ಪ.”

“ಆ ಬಾಗಿಲಿಗೆ ಕೀಲು ಗಟ್ಟಿ ಇದೆ ಬಿಡಿ! ನಮ್ಮ ಮನೇಲೂ ಒಂದು ಬಾಗಿಲಿದೆ, ಬರೀ ಕಿರ್ ಅನ್ನುತ್ತೆ, ಬಡಿಯಲ್ಲ.”

ನಲವತ್ತು ಜನ ನಕ್ಕರು. ಸಾಣೆಯಣ್ಣನೂ ನಕ್ಕ, ನಕ್ಕು ಮೂಗು ನೋಯಿಸಿಕೊಂಡ. ಕೀಲಕ್ಕನಿಗೆ ಮಾತ್ರ ಕೈಯಲ್ಲಿದ್ದ ಚಾಕು ಭಾರವಾಯಿತು. ‘ಬಾಗಿಲು ಬಡೀತು.’ ಇದೇ ಮಾತನ್ನು ಇದೇ ಮೇಜಿನ ಮುಂದೆ ನಿಂತು ಅವಳು ಹದಿನೇಳು ವರ್ಷ ಹೇಳಿದ್ದಳು. ಆಗಲೂ ಜನ ನಕ್ಕಿದ್ದರು.

ಆಗಿನ ಗಂಡ ಬೇರೆ. ಅವನ ಹೆಸರನ್ನು ಅವಳು ನಾಲಿಗೆಗೆ ತರುತ್ತಿರಲಿಲ್ಲ. ‘ಮೊದಲಿನವನು’ ಎಂದರೆ ಸಾಕಿತ್ತು. ಲಾರಿಗೆ ಮಾಂಸ ಹೇರುತ್ತಿದ್ದ, ಹೆಗಲ ಮೇಲೆ ಎರಡೆರಡು ಕುರಿ ಹೊರುವ ಆಳು. ಕುಡಿದು ಹೊಡೆಯುವವರನ್ನಾದರೂ ಲೋಕ ಅರ್ಥ ಮಾಡಿಕೊಳ್ಳುತ್ತದೆ, ಇವನು ಕುಡಿಯುತ್ತಿರಲಿಲ್ಲ. ಹೊಡೆಯುವ ಮೊದಲು ಕೈಗಡಿಯಾರ ಬಿಚ್ಚುತ್ತಿದ್ದ. ಪಟ್ಟಿಯ ಕೊಂಡಿ ಟಿಕ್ಕೆಂದು ಬಿಟ್ಟುಕೊಳ್ಳುತ್ತಿತ್ತು. ಗಾಜಿಗೆ ಪೆಟ್ಟಾಗದ ಹಾಗೆ ಗಡಿಯಾರವನ್ನು ಕಿಟಕಿಯ ಕಟ್ಟೆಯ ಮೇಲೆ ಮೆಲ್ಲಗೆ ಇಡುತ್ತಿದ್ದ. ಆಮೇಲೆ ತಿರುಗುತ್ತಿದ್ದ. ಎರಡು ಪಕ್ಕೆಲುಬು, ಒಂದು ದವಡೆ ಹಲ್ಲು, ಹೊಟ್ಟೆಯಲ್ಲೇ ಹೋದ ಒಂದು ಕೂಸು. ಅವಳು ಕಿರುಚಿದರೆ, “ಕೂಗು, ಇನ್ನೂ ಜೋರಾಗಿ ಕೂಗು. ಯಾರು ಬರ್ತಾರೆ ನೋಡೋಣ” ಎನ್ನುತ್ತಿದ್ದ. ಯಾರೂ ಬರುತ್ತಿರಲಿಲ್ಲ. ಪಕ್ಕದ ಮನೆಯವರು ರೇಡಿಯೋ ದೊಡ್ಡದು ಮಾಡುತ್ತಿದ್ದರು. ಕೊನೆಗೆ ಲಾರಿಯೇ ಹಿಂದಕ್ಕೆ ಬಂದು ಅವನನ್ನು ಗೋಡೆಗೆ ಒತ್ತಿ ಕೊಂದಿತು. ಅದಾಗಿ ಒಂಬತ್ತು ವರ್ಷ. ಸತ್ತವನು ಸತ್ತ ಹಾಗೆ ಇರಬೇಕಲ್ಲ? ಇವನು ಹಗಲು ಹನ್ನೊಂದರ ಮೇಲೆ ಅವಳ ಕನಸಿಗೆ ಬಂದು ಗಡಿಯಾರ ಬಿಚ್ಚುತ್ತಿದ್ದ. ಅವಳು ತಿರುಗಿ ಹೊಡೆಯುತ್ತಿದ್ದಳು. ಪೆಟ್ಟು ಬೀಳುತ್ತಿದ್ದದ್ದು ಪಕ್ಕದಲ್ಲಿ ಮಲಗಿದ್ದ ಪಾಪದ ಗಂಡಸಿಗೆ. ಹೊಟ್ಟೆಯ ಸಿಟ್ಟು ರಟ್ಟೆಯಲ್ಲಿಲ್ಲ ಎಂಬ ಗಾದೆ ಇದೆ. ಅದನ್ನು ಕಟ್ಟಿದವರು ಕೀಲಕ್ಕನ ಪಕ್ಕ ಮಲಗಿರಲಿಲ್ಲ.

ಪಾಳಿ ಮುಗಿದ ಮೇಲೆ ಅವಳು ಕಾರ್ಖಾನೆಯ ಗಾಯದ ಕೋಣೆಗೆ ಹೋದಳು. ಅಲ್ಲಿನ ನರ್ಸಮ್ಮ ಸಣ್ಣ ವಯಸ್ಸಿನವಳು, ಅಂಟುಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಹರಿಯುವವಳು, ಮುಖ ನೋಡಿ ಮಾತಾಡುವವಳಲ್ಲ.

“ಮೂಗು ಬಿಡಿ ಅಕ್ಕ, ಕೂಡುತ್ತೆ. ಇನ್ನೊಂದು ಬೆರಳಷ್ಟು ಮೇಲೆ ಬಿದ್ದಿದ್ರೆ ಆ ಕಣ್ಣೂ ಹೋಗಿರೋದು. ಆಮೇಲೆ ಕೋಲು ಕೊಟ್ಟು ಕೈ ಹಿಡ್ಕೊಂಡು ಓಡಾಡಿಸಬೇಕಾಗಿತ್ತು ನೀವು.”

“ಕೈ ಕಟ್ಕೊಂಡು ಮಲಗಿದ್ದೆ ಒಂದು ದಿನ, ಏಪ್ರನ್ ದಾರದಲ್ಲಿ. ಕನಸಲ್ಲಿ ಅವನೇ ಕೈ ಹಿಡ್ಕೊಂಡ ಹಾಗಾಯ್ತು. ಎಳೆದೂ ಎಳೆದೂ...” ಕೀಲಕ್ಕ ಮಣಿಕಟ್ಟು ತೋರಿಸಿದಳು. ಚರ್ಮ ಬಳೆಯಾಕಾರಕ್ಕೆ ಸುಲಿದಿತ್ತು.

ನರ್ಸಮ್ಮ ಅದಕ್ಕೆ ಔಷಧಿ ಹಚ್ಚುತ್ತಾ ಹೇಳಿದಳು: “ಕನಸು ಬೀಳುವಾಗ ದೇಹ ತಾನೇ ತನ್ನನ್ನ ಕಟ್ಟಿಹಾಕ್ಕೊಂಡಿರುತ್ತೆ. ನಿಮಗೆ ಆ ಕಟ್ಟು ಸಡಿಲ. ಬ್ರೇಕ್ ಹಿಡಿಯದ ಗಾಡಿ ಇದ್ದ ಹಾಗೆ. ದೊಡ್ಡಾಸ್ಪತ್ರೆಗೆ ಚೀಟಿ ಬರೀತೀನಿ, ಅಲ್ಲಿ ಔಷಧಿ ಕೊಡ್ತಾರೆ. ಸರದಿ ಬರೋಕೆ ಆರು ವಾರ. ಅಲ್ಲೀವರೆಗೆ ಬೇರೆ ಮಲಗಿ.”

“ಇರೋದೇ ಒಂದು ಕೋಣೆ. ನಾನು ನೆಲಕ್ಕೆ ಇಳಿದ್ರೆ ಅವರೂ ಇಳೀತಾರೆ. ‘ಮದುವೆ ಆಗಿದ್ದು ಪಕ್ಕ ಮಲಗೋಕೆ, ಎದುರು ಕೂತು ಮುಖ ನೋಡೋಕೆ ನನಗಿರೋದು ಒಂದೇ ಕಣ್ಣು’ ಅಂತಾರೆ.”

ನರ್ಸಮ್ಮ ಮೊದಲ ಸಲ ನಕ್ಕಳು. ಆಮೇಲೆ ಸ್ಟೂಲು ಹತ್ತಿರ ಎಳೆದುಕೊಂಡಳು. “ಹಾಗಾದ್ರೆ ಒಂದು ವಿದ್ಯೆ ಕಲೀರಿ. ಕನಸಿನೊಳಗೇ ಎಚ್ಚರ ಆಗೋದು. ಇದು ಕನಸು ಅಂತ ಅಲ್ಲೇ ಗೊತ್ತಾದ್ರೆ, ಹೊಡೆಯೋ ಕೆಲಸ ಇರಲ್ಲ.”

“ಮಲಗಿದವಳಿಗೆ ಗೊತ್ತಾಗೋದು ಹೇಗೆ ತಾಯಿ?”

“ಹಗಲು ಮಾಡಿದ ಅಭ್ಯಾಸ ಕನಸಿಗೂ ಬರುತ್ತೆ. ಎಚ್ಚರ ಇದ್ದಾಗ ಆಗಾಗ ನಿಂತು, ‘ಇದು ಕನಸೋ ನಿಜವೋ’ ಅಂತ ಕೇಳಿಕೊಳ್ಳಿ. ಬಾಯಿಪಾಠ ಬೇಡ, ನಿಜವಾಗಿ ಅನುಮಾನಪಟ್ಟು ಕೇಳಬೇಕು. ಎದ್ದ ತಕ್ಷಣ ಕನಸನ್ನ ಬರೆದಿಡಿ. ಬರೀತಾ ಬರೀತಾ ಕನಸು ಯಾವ ಕಡೆ ತಪ್ಪು ಮಾಡುತ್ತೆ ಅಂತ ಗೊತ್ತಾಗುತ್ತೆ. ಇನ್ನೊಂದು. ಎಚ್ಚರ ಬಂತು ಅಂತ ಖುಷಿಪಡಬೇಡಿ, ಖುಷಿಪಟ್ರೆ ಕನಸು ಹರಿದುಹೋಗುತ್ತೆ. ಅಂಗೈ ಉಜ್ಜಿ. ಹತ್ತಿರದ್ದು ಏನಾದ್ರೂ ಮುಟ್ಟಿ. ಆಗ ನಿಲ್ಲುತ್ತೆ.”

ಕೀಲಕ್ಕ ಹಾಳೆಗಳನ್ನು ಹೊಲಿದು ಒಂದು ಪುಸ್ತಕ ಮಾಡಿಕೊಂಡಳು. ಎದ್ದ ಕೂಡಲೇ, ಕಣ್ಣಿನ ಪಿಸುರು ಒರೆಸುವ ಮೊದಲೇ ಬರೆದಳು. ಎಂಟನೆಯ ದಿನ ಸಾಣೆಯಣ್ಣ ಅದನ್ನು ಒಂದೇ ಕಣ್ಣಿನ ಹತ್ತಿರ ಹಿಡಿದು ಓದಿದ.

“ಇದೇನೇ, ‘ಬಲಗೈಯಲ್ಲಿ ಗವಸು’ ಅಂತ ಬರ್ದಿದ್ದೀಯ? ಇಲ್ಲೂ ಬಲಗೈ. ಇಲ್ಲೂ.”

“ಎಲ್ಲಿ? ಕೊಡಿ.”

ಕತ್ತರಿಸುವವರು ಎಡಗೈಗೆ ಉಕ್ಕಿನ ಬಳೆಗಳಿಂದ ಹೆಣೆದ ಗವಸು ಹಾಕುತ್ತಾರೆ. ಮಾಂಸ ಹಿಡಿಯುವ ಕೈ ಅದು. ಚಾಕು ಜಾರಿದರೆ ಬೀಳುವುದು ಆ ಕೈಗೇ. ಬಲಗೈ ಚಾಕುವಿನದು, ಅದು ಬರಿದು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಗವಸು ಬಲಗೈಗೆ ಹೋಗಿರಲಿಲ್ಲ. ಕನಸಿನಲ್ಲಿ ಮಾತ್ರ ಪ್ರತಿ ಸಲವೂ ಅಲ್ಲೇ ಇತ್ತು. ಚಾಕು ಎಡಗೈಯಲ್ಲಿ.

“ಸಿಕ್ಕಿಬಿದ್ದ ಕಳ್ಳ” ಎಂದ ಸಾಣೆಯಣ್ಣ. ಮೂಗಿನ ಪಟ್ಟಿಯೊಳಗಿಂದ ಮಾತು ಗೊಯ್ಯೆಂದು ಬಂತು.

ಅಂದಿನಿಂದ ಒಂದೊಂದು ಕುರಿ ಮುಂದೆ ಬಂದಾಗಲೂ ಅವಳು ಕೈ ನೋಡಿಕೊಂಡಳು. ಗವಸು ಎಲ್ಲಿ? ಎಡಗೈಯಲ್ಲಿ. ನಿಜವೋ? ಅನುಮಾನಪಟ್ಟು, ಸುತ್ತ ನೋಡಿ, ಕಾಲ ಕೆಳಗಿನ ಕೊಬ್ಬಿನ ಜಿಡ್ಡನ್ನು ಬೂಟಿನಲ್ಲಿ ಉಜ್ಜಿ, ‘ನಿಜ’ ಎಂದುಕೊಂಡು ಚಾಕು ಇಟ್ಟಳು.

“ಏನಕ್ಕ, ಕೈರೇಖೆ ನೋಡ್ತಿದ್ದೀಯ?” ಎಂದ ಉದ್ದಣ್ಣ.

“ಇದು ಕನಸಾ ಅಂತ ನೋಡ್ತಿದ್ದೀನಿ.”

“ಕನಸೇ. ನನ್ನ ಮುಖ ನೋಡು, ನಿಜದಲ್ಲಿ ಇಷ್ಟು ಚೆನ್ನಾಗಿರೋನು ಇರ್ತಾನಾ?”

“ಹಾಗಾದ್ರೆ ಕೆಟ್ಟ ಕನಸು.”

ಮೂರನೆಯ ವಾರ ವಿದ್ಯೆ ಕೈಹತ್ತಿತು. ಕನಸಿನ ಕತ್ತರಿಸುವ ಕೋಣೆಯಲ್ಲಿ ಕುರಿಗಳು ತೂಗುತ್ತಿದ್ದವು. ಎಲ್ಲೋ ಟಿಕ್ಕೆಂದು ಕೊಂಡಿ ಬಿಟ್ಟಿತು. ಮೊದಲಿನವನು ಕೊಕ್ಕೆಗಳ ನಡುವಿನಿಂದ ಬಂದ. ಅವನ ಮೊದಲ ಏಟು ಕಿವಿಯ ಮೇಲೆ ಬಿತ್ತು. ಅವಳು ಚಾಕು ಎತ್ತಿದಳು, ಕೈ ಕಂಡಳು: ಗವಸು ಬಲಗೈಯಲ್ಲಿ! ‘ಅಯ್ಯೋ, ಇದು ಕನಸು!’ ಎಂದು ಹಿಗ್ಗಿದ್ದೇ ತಡ, ಕೋಣೆ, ಕುರಿ, ಅವನು, ಎಲ್ಲ ನೆನೆದ ಕಾಗದದ ಹಾಗೆ ಹರಿದು ಅವಳು ಎದ್ದು ಕೂತಿದ್ದಳು. ಸಾಣೆಯಣ್ಣ ಗೊರಕೆ ಹೊಡೆಯುತ್ತಿದ್ದ. ಅವನ ಮೈಮೇಲೆ ಹೊಸದೊಂದು ಗೀರಿರಲಿಲ್ಲ.

ಮತ್ತೆರಡು ಸಲ ಹಾಗೇ ಆಯಿತು. ಆಮೇಲೆ ಅಂಗೈ ಉಜ್ಜುವುದನ್ನು ಕಲಿತಳು. ತಣ್ಣನೆಯ ಕೋಣೆಯಿಂದ ಬಂದವರು ಉಜ್ಜುವ ಹಾಗೆ, ಉಕ್ಕಿನ ಬಳೆಗಳು ಬರಿ ಅಂಗೈಗೆ ಕರಕರ ತಾಗುವ ಹಾಗೆ ಉಜ್ಜಿದಳು. ಅಲುಗುತ್ತಿದ್ದ ಗೋಡೆಗಳು ನಿಂತವು. ಮೇಜಿನ ಕಬ್ಬಿಣದ ಅಂಚು ಹಿಡಿದಳು, ಅದು ತಣ್ಣಗಿತ್ತು. ತೊಟ್ಟಿಕ್ಕುವ ರಕ್ತದ ಒಂದೊಂದು ಹನಿಯೂ ಸ್ಪಷ್ಟವಾಗಿ ಕಂಡಿತು. ಕನಸು ಈಗ ಅವಳ ಕೈಯಲ್ಲಿತ್ತು, ಅವಳು ಎಚ್ಚರವಾಗಿದ್ದಳು, ಎದುರಿಗೆ ಅವನಿದ್ದ.

ಅಲ್ಲೇ ಅವಳು ಎಡವಿದ್ದು. ನರ್ಸಮ್ಮ ಹೇಳಿದ್ದು, ಇದು ಕನಸೆಂದು ಗೊತ್ತಾದರೆ ಹೊಡೆಯುವ ಕೆಲಸವಿಲ್ಲ ಎಂದು. ಕೀಲಕ್ಕನಿಗೆ ಅನಿಸಿದ್ದು ಬೇರೆ: ಇದು ಕನಸು, ಇಲ್ಲಿ ಪೊಲೀಸಿಲ್ಲ, ಕೋರ್ಟಿಲ್ಲ, ಪಾಪವಿಲ್ಲ. ಇಂಥ ಹೊತ್ತು ಮತ್ತೆ ಸಿಗುತ್ತದೆಯೆ?

“ಬಾ” ಎಂದಳು ಅವನಿಗೆ.

ಅವನು ಬಂದ. ಅವಳು ಚಾಕುವನ್ನು ಅವನ ಹೊಟ್ಟೆಗೆ ಇಳಿಸಿ ಮೇಲಕ್ಕೆ ಎಳೆದಳು. ಪಕ್ಕೆಲುಬಿನ ಕೆಳಗೆ ತಡೆಯಿತು, ತಿರುಗಿಸಿದಳು. ಅವನು ಕಿರುಚಿದ. ಹದಿನೇಳು ವರ್ಷದಲ್ಲಿ ಅವನು ಕಿರುಚಿದ್ದನ್ನು ಅವಳು ಕೇಳಿರಲಿಲ್ಲ. “ಕೂಗು, ಯಾರು ಬರ್ತಾರೆ ನೋಡೋಣ” ಎಂದಳು. ಗಂಟಲು ಸೀಳಿದಳು, ಮೊಣಕಾಲ ಚಿಪ್ಪು ಎಬ್ಬಿಸಿದಳು. ರಕ್ತ ಬಿಸಿಯಾಗಿ ಮೊಣಕೈವರೆಗೆ ಇಳಿಯಿತು. ಚಾಕು ಎಲ್ಲೋ ಜಾರಿತು, ಬೇಕಿರಲಿಲ್ಲ. ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು, ಕಂಕುಳಿಗೆ ಮೊಣಕಾಲು ಕೊಟ್ಟಳು, ಹೊರಮುಖವಾಗಿ ತಿರುಚಿ, ಗಟ್ಟಿ ಕುರಿಯ ಭುಜ ಬಿಡಿಸುವಾಗ ಮಾಡುವ ಹಾಗೆ, ಒಂದೇ ಜಗ್ಗು ಜಗ್ಗಿದಳು.

ಟಕ್.

ಆ ಸದ್ದು ಕನಸಿನದಾಗಿರಲಿಲ್ಲ.

ಸಾಣೆಯಣ್ಣ ಎಂದೂ ಕಿರುಚಿದವನಲ್ಲ, ಅಂದು ಕಿರುಚಿದ. ಬೀದಿಯ ಮಕ್ಕಳು ಆಟ ನಿಲ್ಲಿಸಿದರು. ಕೀಲಕ್ಕ ಕಣ್ಣು ಬಿಟ್ಟಾಗ ಅವಳ ಮೊಣಕಾಲು ಅವನ ಕಂಕುಳಲ್ಲಿತ್ತು, ಅವನ ಬಲ ತೋಳು ಅವಳ ಕೈಯಲ್ಲಿತ್ತು, ಭುಜದ ಗುಂಡು ಇರಬಾರದ ಕಡೆ ಚರ್ಮದಡಿ ಉಬ್ಬಿ ನಿಂತಿತ್ತು. ಅದು ಎಷ್ಟು ಅಚ್ಚುಕಟ್ಟಾಗಿ ಕಳಚಿತ್ತೆಂದರೆ, ಇದು ಯಾರ ಕೆಲಸವೆಂದು ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ನರ್ಸಮ್ಮ ಭುಜ ಕೂರಿಸಿ, ತೋಳನ್ನು ಕುತ್ತಿಗೆಗೆ ತೂಗು ಹಾಕಿ, ಅವನನ್ನು ಹೊರಗಿನ ಬೆಂಚಿಗೆ ಕಳಿಸಿದಳು. ಬಾಗಿಲು ಹಾಕಿಕೊಂಡು ಬಂದಳು.

“ಕನಸು ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ?”

“ಗೊತ್ತಿದ್ದಿದ್ದಕ್ಕೇ.”

ನರ್ಸಮ್ಮ ಅಂಟುಪಟ್ಟಿಯ ಸುರುಳಿಯನ್ನು ಮೇಜಿನ ಮೇಲೆ ಕುಕ್ಕಿದಳು. “ಅಕ್ಕ, ಎಚ್ಚರ ಆಗಿದ್ದು ನಿಮ್ಮ ತಲೆಗೆ. ಕೈಗೆ ಯಾರು ಹೇಳಿದ್ರು? ನಿಮ್ಮ ಕೈಗೆ ಕನಸು ಗಿನಸು ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಕೀಲು. ಮುಂದಿನ ಸಲ ಕುತ್ತಿಗೆ ಸಿಕ್ಕಿದ್ರೆ?”

ಕುತ್ತಿಗೆಯ ಕೀಲು ಎಲ್ಲಿದೆಯೆಂದು ಕೀಲಕ್ಕನ ಹೆಬ್ಬೆರಳಿಗೆ ಗೊತ್ತಿತ್ತು.

ಮನೆಗೆ ಬಂದವಳೇ ಒಂದು ಕೈಚೀಲಕ್ಕೆ ಎರಡು ಜೊತೆ ಬಟ್ಟೆ, ಬಾಚಣಿಗೆ, ಪುಸ್ತಕ ತುಂಬಿ ಬಾಗಿಲ ಪಕ್ಕ ಇಟ್ಟಳು.

“ಇದ್ಯಾಕೆ?” ಎಂದ ಸಾಣೆಯಣ್ಣ.

“ಇನ್ನೊಂದು ಸಲ ನಿಮ್ಮ ಮೈಗೆ ನನ್ನ ಕೈ ತಾಗಿದ್ರೆ ನಾನು ಹೋಗ್ತೀನಿ. ಎಲ್ಲಿಗೆ ಅಂತ ಕೇಳಬೇಡಿ. ಅವನ ಕೈಯಲ್ಲಿ ನಾನು ಹದಿನೇಳು ವರ್ಷ ಉಳಿದೆ. ನೀವು ನನ್ನ ಕೈಯಲ್ಲಿ ಉಳಿಯೋದು ಬೇಡ.”

“ನೀನೂ ಅವನೂ ಒಂದೇನಾ?”

“ಮುರಿದ ಮೂಗಿಗೆ ಹೋಗಿ ಕೇಳಿ.”

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಅವನಿಗೆ ಹೇಗೂ ಕೆಲಸಕ್ಕೆ ರಜೆ. ಅವಳು ಮಲಗಿದಾಗ ಅವನು ಮಲಗಬಾರದು. ಬಾಗಿಲ ಬಳಿ ಕುರ್ಚಿಯಲ್ಲಿ ಎಚ್ಚರವಾಗಿ ಕೂರಬೇಕು. ಅವಳು ನಿದ್ದೆಯಲ್ಲೇ ಎದ್ದು ಬಂದರೆ ಹೊರಗೆ ಓಡಬೇಕು. “ಆಗಲಿ, ಕುರಿ ಕಾಯೋದು ಕೇಳಿದ್ದೆ, ಕಟುಕನ್ನ ಕಾಯೋದು ಈಗ ನೋಡಿದೆ” ಎಂದು ಅವನು ಕತ್ತರಿಯೊಂದನ್ನೂ ಸಾಣೆಕಲ್ಲಿನ ತುಂಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತ.

ನಾಲ್ಕು ದಿನ ಕನಸು ಬರಲಿಲ್ಲ. ಅಥವಾ ಹೆದರಿಕೆಗೆ ನಿದ್ದೆಯೇ ಆಳಕ್ಕೆ ಇಳಿಯಲಿಲ್ಲ. ಆ ದಿನಗಳ ಪಾಳಿಗಳಲ್ಲಿ ಅವಳು ಗವಸು ನೋಡಿಕೊಳ್ಳುವುದರ ಜೊತೆಗೆ ಇನ್ನೊಂದನ್ನು ಯೋಚಿಸಿದಳು. ತಲೆಗೆ ಎಚ್ಚರ ಬಂದರೆ ಸಾಲದು, ಕೈಗೂ ಹೇಳಬೇಕು. ಈ ಕೈ ಯಾರ ಮಾತು ಕೇಳುತ್ತದೆ?

ನಾಲ್ಕನೆಯ ಪಾಳಿಯಲ್ಲಿ ಉದ್ದಣ್ಣನ ಚಾಕು ಜಾರಿ ಅವನ ತೊಡೆಗೆ ಹೊಕ್ಕಿತು. ಉತ್ತರ ಅಲ್ಲೇ ಸಿಕ್ಕಿತು.

ಕತ್ತರಿಸುವ ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು. ಏನೇ ಎಡವಟ್ಟಾಗಲಿ, ಚಾಕುವನ್ನು ಪಕ್ಕದ ತೊಟ್ಟಿಗೆ ಬಿಟ್ಟು, ಎರಡೂ ಕೈಯನ್ನು ತಲೆಯ ಮೇಲಕ್ಕೆತ್ತಿ, “ನಿಂತೆ!” ಎಂದು ಕೂಗಬೇಕು. ಮೊದಲು ನೋಡಿದವರು ತಾವೂ ಕೈಯೆತ್ತಿ “ಕಂಡೆ!” ಎನ್ನಬೇಕು. ಆಗ ಸರಪಳಿ ನಿಲ್ಲುತ್ತದೆ. ಕಂಡೆ ಎಂಬ ಮಾತು ಕಿವಿಗೆ ಬೀಳುವವರೆಗೆ, ರಕ್ತ ಬುಗ್ಗೆಯಾಗಿ ಹೋಗುತ್ತಿದ್ದರೂ ಕೈ ಇಳಿಸುವಂತಿಲ್ಲ. ಹಿಂದೊಮ್ಮೆ ಗಾಯವಾದವನೊಬ್ಬ ಗಾಬರಿಯಿಂದ ಬಗ್ಗಿದ್ದ. ಪಕ್ಕದವನು ಕಾಣದೆ ಚಾಕು ಬೀಸಿದ್ದ. ಬಗ್ಗಿದವನು ಮತ್ತೆ ಏಳಲಿಲ್ಲ. ಆಮೇಲೆ ಬಂದದ್ದು ಈ ಕಟ್ಟಳೆ. ಉದ್ದಣ್ಣ, ಅಷ್ಟು ಬಾಯಿಯ ಉದ್ದಣ್ಣ, ಬೂಟಿನೊಳಗೆ ರಕ್ತ ತುಂಬಿ ಚೆಲ್ಲುತ್ತಿದ್ದರೂ ಮುಖ ಬಿಳಿಚಿಕೊಂಡು ಎರಡು ಕೈ ಮೇಲೆತ್ತಿ ಕಂಬದ ಹಾಗೆ ನಿಂತಿದ್ದ. ಕೀಲಕ್ಕನೇ “ಕಂಡೆ!” ಎಂದಳು. ಹೇಳಿದ ಮೇಲೆ ನೋಡಿಕೊಂಡಳು: ಅವಳ ಚಾಕು ಆಗಲೇ ತೊಟ್ಟಿಯಲ್ಲಿತ್ತು, ಎರಡೂ ಕೈ ಆಗಲೇ ಮೇಲಿದ್ದವು. ಅವಳು ಏನನ್ನೂ ಯೋಚಿಸಿರಲಿಲ್ಲ. ಕೈಗಳು ತಾವಾಗಿ ಹೋಗಿದ್ದವು.

ಮರುದಿನ ಹನ್ನೊಂದರ ಮೇಲೆ ಅವನು ಬಂದ.

ಕೊಕ್ಕೆಗಳು ಖಾಲಿಯಿದ್ದವು. ಸರಪಳಿ ಮಾತ್ರ ಓಡುತ್ತಿತ್ತು. ಟಿಕ್. ಮೊದಲಿನವನು ಗಡಿಯಾರವನ್ನು ಅವಳ ಮೇಜಿನ ಮೇಲೆ, ಗಾಜಿಗೆ ಪೆಟ್ಟಾಗದ ಹಾಗೆ, ಮೆಲ್ಲಗೆ ಇಟ್ಟ. ಹೊಟ್ಟೆಯಿಂದ ಗಂಟಲವರೆಗೆ ಸೀಳಿದ ಗಾಯ ಹೊಲಿಯದೆ ಹಾಗೇ ತೆರೆದಿತ್ತು. ಒಂದು ತೋಳು ಜೋತುಬಿದ್ದಿತ್ತು.

“ಕಡಿದು ಹಾಕಿದೆ ಅಂದ್ಕೊಂಡ್ಯಾ?” ಎಂದ. ಗಾಯವೂ ಅವನ ಜೊತೆ ಬಾಯಿ ಆಡಿಸಿತು.

ಗವಸು ಬಲಗೈಯಲ್ಲಿತ್ತು. ಕನಸು. ಅವಳು ಹಿಗ್ಗಲಿಲ್ಲ. ಅಂಗೈ ಉಜ್ಜಿದಳು.

ಮೊದಲ ಗುದ್ದು ದವಡೆಗೆ ಬಿತ್ತು. ಕೋಣೆ ಕಪ್ಪಾಗಿ ಅಲುಗಾಡಿತು. ಅವಳು ಮೇಜಿನ ಅಂಚು ಹಿಡಿದು, ಅದರ ತಣ್ಪನ್ನು ಬೆರಳಿಗೆ ಕುಡಿಸಿ, ಕನಸನ್ನು ಮತ್ತೆ ನಿಲ್ಲಿಸಿದಳು. ಎರಡನೆಯದು ಪಕ್ಕೆಗೆ, ಹಳೆಯ ಮುರಿತ ಇದ್ದ ಕಡೆಗೇ. ಅವನಿಗೆ ಜಾಗ ನೆನಪಿತ್ತು. ಅವಳ ಎಡಗೈಯಲ್ಲಿ ಚಾಕು ತಾನಾಗಿ ತಿರುಗಿ ಬಾಯಿ ಮೇಲೆ ಮಾಡಿತು. ಅವನ ಮೈಯ ಕೀಲುಗಳೆಲ್ಲ ದೀಪ ಹಚ್ಚಿಟ್ಟ ಹಾಗೆ ಕಂಡವು: ಮಂಡಿ, ಮೊಣಕೈ, ಕುತ್ತಿಗೆ. ಕುತ್ತಿಗೆ ಎಷ್ಟು ಹತ್ತಿರವಿತ್ತು! ಹೆಬ್ಬೆರಳು ತುಡಿಯಿತು. ಬೇಕು ಎಂದು ಅವಳ ಇಡೀ ಮೈ ಕೇಳಿತು. ಎಲ್ಲೋ ಬಹಳ ದೂರದಿಂದ, ಗೋಡೆಯಾಚೆಯಿಂದ, ಕಲ್ಲಿಗೆ ಕಬ್ಬಿಣ ಉಜ್ಜುವ ಸಣ್ಣ ಸದ್ದು ಬರುತ್ತಿತ್ತು. ಸರ್, ಸರ್, ಸರ್.

ಚಾಕುವನ್ನು ತೊಟ್ಟಿಗೆ ಬಿಟ್ಟಳು. ಎರಡೂ ಕೈ ಮೇಲೆತ್ತಿದಳು.

“ನಿಂತೆ!”

ಅವನು ಬಿದ್ದು ಬಿದ್ದು ನಕ್ಕ. ನಗುತ್ತಲೇ ಬಾಯಿಗೆ ಗುದ್ದಿದ. ತುಟಿ ಒಡೆದು ರಕ್ತದ ರುಚಿ ಬಂತು. ಹೊಟ್ಟೆಗೆ ಒದ್ದ, ಮಂಡಿ ಕುಸಿಯಿತು, ಕೈ ಕುಸಿಯಲಿಲ್ಲ. ಕೂದಲು ಹಿಡಿದು ಮುಖವನ್ನು ಮೇಜಿನ ಅಂಚಿಗೆ ಚಚ್ಚಿದ, ಒಂದು ಸಲ, ಎರಡು ಸಲ. ಕೈ ಮೇಲೆಯೇ ಇತ್ತು.

“ಇಳಿಸೇ ಕೈ. ಯಾರಿದ್ದಾರೆ ಇಲ್ಲಿ ನಿನ್ನ ನೋಡೋಕೆ? ಕೂಗು. ಯಾರು ಬರ್ತಾರೆ ನೋಡೋಣ.”

“ನಿಂತೆ!”

ಸರಪಳಿ ಓಡುತ್ತಲೇ ಇತ್ತು. ರಟ್ಟೆಗಳು ಉರಿಯತೊಡಗಿದವು. ಉತ್ತರ ಬರುವವರೆಗೆ ಇಳಿಸುವಂತಿಲ್ಲ, ಇಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ. ಅವನು ಸೊಂಟದ ಪಟ್ಟಿ ಎಳೆದ. ಅದು ಗಾಳಿಯಲ್ಲಿ ಸುಂಯ್ಯೆಂದಿತು. ಮೂರನೆಯ ಸಲ ಅವಳ ಗಂಟಲಿನಿಂದ ಸದ್ದು ಹೊರಟಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

“ನಿಂತೆ...”

ಕಬ್ಬಿಣ ಉಜ್ಜುವ ಸದ್ದು ಥಟ್ಟನೆ ನಿಂತಿತು.

“ಕಂಡೆ!”

ಮೂಗಿನಲ್ಲಿ ಮಾತಾಡುವವರ ದನಿ. ಮೊದಲಿನವನು ಎತ್ತಿದ ಕೈ ಎತ್ತಿದ ಹಾಗೇ ಹಿಂತಿರುಗಿ ನೋಡಿದ. ಅವನು ಲಾರಿ ಹೇರುವವನು, ಕತ್ತರಿಸುವ ಕೋಣೆಯ ಒಳಗೆ ದುಡಿದವನಲ್ಲ. ಅವನಿಗೆ ಈ ಕಟ್ಟಳೆ ಗೊತ್ತಿರಲಿಲ್ಲ. ಯಾರು ಬಂದರೆಂದು ಅವನಿಗೆ ಅರ್ಥವೇ ಆಗಲಿಲ್ಲ. ತಲೆಯ ಮೇಲೆ ಸರಪಳಿ ಕಿರ್ರೆಂದು ಎಳೆದು, ಕೊಕ್ಕೆಗಳೆಲ್ಲ ಒಂದಕ್ಕೊಂದು ತಾಗಿ, ನಿಂತಿತು.

ಅವಳು ಕಣ್ಣು ಬಿಟ್ಟಳು.

ಪರದೆಯ ಸಂದಿನ ಬಿಸಿಲಿನಲ್ಲಿ ಅವಳದೇ ಎರಡು ಕೈಗಳು ಮಂಚದ ಮೇಲೆ ನೆಟ್ಟಗೆ ನಿಂತಿದ್ದವು. ತುಟಿಯನ್ನು ತಾನೇ ಕಚ್ಚಿಕೊಂಡಿದ್ದಳು. ದಿಂಬಿಗೆ ರಕ್ತ ಇಳಿದಿತ್ತು. ಬಾಗಿಲ ಬಳಿ ಸಾಣೆಯಣ್ಣ ಕುರ್ಚಿಯಿಂದ ಎದ್ದು ನಿಂತಿದ್ದ. ಎಡಗೈ ಮೇಲೆತ್ತಿದ್ದ. ಬಲಗೈ ಕುತ್ತಿಗೆಯ ತೂಗಿನಲ್ಲಿತ್ತು. ಕತ್ತರಿ ನೆಲಕ್ಕೆ ಬಿದ್ದಿತ್ತು.

“ಒಂದೇ ಕೈ ಎತ್ತಿದ್ದೀನಿ” ಎಂದ. “ಇನ್ನೊಂದನ್ನ ನೀನೇ ಬಿಚ್ಚಿಟ್ಟಿದ್ದೀಯಲ್ಲ.”

ಅವಳಿಗೆ ನಗು ಬಂತು, ತುಟಿ ಉರಿಯಿತು, ಅಳು ಬಂತು. ಕೈ ಇಳಿಸಿದಳು. ಅವು ಎರಡು ಮೂಟೆಗಳ ಹಾಗೆ ಹಾಸಿಗೆಗೆ ಬಿದ್ದವು.

“ಎಷ್ಟು ಸಲ ಕೂಗಿದೆ?”

“ಮೊದಲನೇದು ಗೊಣಗಾಟ ಅಂದ್ಕೊಂಡೆ. ಎರಡನೇದಕ್ಕೆ ತಲೆ ಎತ್ತಿದೆ. ಕೈ ನೋಡಿ... ನನಗೆ ಒಂದು ಗಳಿಗೆ ಏನೂ ತೋಚಲಿಲ್ಲ.”

“ಅಷ್ಟರೊಳಗೆ ನನ್ನ ಮುಖ ಜಜ್ಜಿಹಾಕಿದ. ಇನ್ಮೇಲೆ ಮೊದಲನೇದಕ್ಕೇ ಹೇಳಿ.”

“ಹೇಳ್ತೀನಿ. ಅವನು ಏನಾದ?”

ಕೀಲಕ್ಕ ಯೋಚಿಸಿದಳು. “ಸತ್ತಿಲ್ಲ. ಹಿಂದೆ ತಿರುಗಿ ನಿಮ್ಮನ್ನ ಹುಡುಕ್ತಾ ನಿಂತಿದ್ದ.”

“ಹುಡುಕಲಿ” ಎಂದ ಸಾಣೆಯಣ್ಣ. ಬಗ್ಗಿ ಕತ್ತರಿ ಎತ್ತಿಕೊಂಡು, ಮೊನೆ ಮುರಿದಿದೆಯೇ ಎಂದು ಒಂದೇ ಕಣ್ಣಿನ ಹತ್ತಿರ ಹಿಡಿದು ನೋಡಿದ.

ದೊಡ್ಡಾಸ್ಪತ್ರೆಯ ಸರದಿಗೆ ಇನ್ನೂ ಹನ್ನೊಂದು ದಿನವಿತ್ತು. ಅಲ್ಲಿಯವರೆಗೆ ಅವನು ಕುರ್ಚಿ ಬಿಟ್ಟು ಮಂಚಕ್ಕೆ ಬರಕೂಡದೆಂದು ಅವಳು ಮತ್ತೊಮ್ಮೆ ಹೇಳಿದಳು. ಅವನು ಮತ್ತೊಮ್ಮೆ ಗೊಣಗಿದ. ಆಮೇಲೆ ಅವಳು ಎದ್ದು ಬಾಗಿಲ ಪಕ್ಕದ ಕೈಚೀಲದ ಬಾಯಿ ಬಿಚ್ಚಿದಳು. ಬಟ್ಟೆಗಳನ್ನು ಮುಟ್ಟಲಿಲ್ಲ. ಬಾಚಣಿಗೆಯನ್ನಷ್ಟೇ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ತುಟಿ ತೊಳೆಯಲು ಹೋದಳು.